ದಿನಕ್ಕೆ ಒಂದೇ ಜಾಗ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಕ್ಲಿನಿಕ್ಕಿಗೆ ಬರುವ ತಾಯಂದಿರು ಈಚೆಗೆ ಲಸಿಕೆಯ ವಿಷಯಕ್ಕಿಂತ ಮೊದಲು ಇನ್ನೊಂದು ಕೇಳುತ್ತಾರೆ. "ಡಾಕ್ಟ್ರೇ, ಪಾಪುಗೆ ಹತ್ತು ತಿಂಗಳು. ಸಿಂಗಪುರಕ್ಕೆ ಟಿಕೆಟ್ ಬುಕ್ ಮಾಡಿಬಿಟ್ಟಿದ್ದೀವಿ. ಹೋಗಬಹುದಾ?" ಬುಕ್ ಮಾಡಿದ ಮೇಲೆ ನನ್ನನ್ನು ಕೇಳಿ ಏನು ಪ್ರಯೋಜನ, ನೀವೇ ಹೇಳಿ! ಹೋಗಿ, ಧಾರಾಳವಾಗಿ ಹೋಗಿ ಅನ್ನುತ್ತೇನೆ. ಪಕ್ಕದಲ್ಲಿ ಕೂತ ಅತ್ತೆಯವರ ಮುಖ ಸಣ್ಣಗಾಗುತ್ತದೆ. "ಹಲ್ಲು ಬರೋ ಹೊತ್ತು, ನೀರು ಬದಲಾದ್ರೆ ಮಗು ಬಾಡಿಹೋಗುತ್ತೆ" ಅನ್ನುತ್ತಾರೆ. ಅಮ್ಮಾ, ನೀವೂ ಕೇಳುತ್ತಿದ್ದರೆ ನಿಮಗೂ ಹೇಳುತ್ತಿದ್ದೇನೆ. ಹತ್ತು ತಿಂಗಳ ಮಗುವಿಗೆ ಇದು ಮೈಸೂರೋ ಸಿಂಗಪುರವೋ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಹಸಿವು, ನಿದ್ದೆ, ಎತ್ತಿಕೊಂಡವರ ಮೈ ವಾಸನೆ. ಆ ಮೂರನ್ನು ಕೆಡಿಸಬೇಡಿ. ಹಾಗಾಗಿ ನನ್ನದು ಒಂದೇ ಷರತ್ತು: ದಿನಕ್ಕೆ ಒಂದೇ ಜಾಗ. ಪೆನ್ನು ಇದ್ದರೆ ಬರೆದುಕೊಳ್ಳಿ. ದಿನಕ್ಕೆ ಒಂದೇ ಜಾಗ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮಗಳು, ಅಳಿಯ, ಹತ್ತು ತಿಂಗಳ ಮೊಮ್ಮಗಳು ಪುಟ್ಟಿ, ಜೊತೆಗೆ ನಾನು, ನಾಲ್ಕು ರಾತ್ರಿ ಸಿಂಗಪುರದಲ್ಲಿ ಇದ್ದು ಬಂದೆವು. ನನ್ನನ್ನು ಕರೆದದ್ದು ಅಜ್ಜಿ ಅಂತಲೋ ಮನೆಯ ಡಾಕ್ಟರು ಅಂತಲೋ, ಈಗಲೂ ಗೊತ್ತಿಲ್ಲ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಎಳೆ ಮಗುವಿಗೂ ಬೇರೆ ಪಾಸ್‌ಪೋರ್ಟ್ ಬೇಕು, ಅದು ಐದು ವರ್ಷಕ್ಕೆ ಮಾತ್ರ. ವೀಸಾ ಕೂಡ ಬೇರೆ. ನಾಲ್ಕು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ ಫೋಟೋ ನಾವೇ ತೆಗೆಸಿಕೊಂಡು ಹೋಗಬೇಕು, ಹಿಂದೆ ಬಿಳಿ ಇರಬೇಕು. ನಾವು ಮಂಚದ ಮೇಲೆ ಬಿಳಿ ಪಂಚೆ ಹಾಸಿ, ಪುಟ್ಟಿಯನ್ನು ಮಲಗಿಸಿ, ಮೇಲಿಂದ ತೆಗೆದೆವು. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು ಅಂದರೆ ಯಾವ ಮಗು ಕೇಳುತ್ತದೆ! ನಲವತ್ತು ಫೋಟೋದಲ್ಲಿ ಒಂದು ಸರಿಯಾಯಿತು.

ವಿಮಾನ ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆ. ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂರಬಹುದು. ಮುಂದಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಕೆಲವು ವಿಮಾನಗಳಲ್ಲಿ ಇರುತ್ತದೆ, ಮೊದಲೇ ಕೇಳಿಡಿ. ವಿಮಾನ ಕೆಳಗಿಳಿಯಲು ಶುರು ಮಾಡಿದ ಕೂಡಲೇ ಎದೆಹಾಲು ಕೊಡಿ. ಚೀಪಿ ನುಂಗುವಾಗ ಗಂಟಲಿಗೂ ಕಿವಿಗೂ ನಡುವಿನ ಸಣ್ಣ ಕೊಳವೆ ತೆರೆದುಕೊಂಡು ಕಿವಿನೋವು ಕಮ್ಮಿಯಾಗುತ್ತದೆ. "ಮಲಗಿಸೋದಕ್ಕೆ ಒಂದು ಸಿರಪ್ ಬರೆದುಕೊಡಿ ಡಾಕ್ಟ್ರೇ" ಅಂತ ಕೇಳುವವರಿಗೆ ಇಲ್ಲೇ ಉತ್ತರ: ಕೊಡುವುದಿಲ್ಲ. ದಯವಿಟ್ಟು ಕೇಳಬೇಡಿ.

ಮೊದಲ ದಿನದ ನಮ್ಮ ಜಾಗ ಬೊಟಾನಿಕ್ ಗಾರ್ಡನ್ಸ್. 1859ರ ತೋಟ, 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಹೋಗಲು ದುಡ್ಡಿಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಅಲ್ಲೊಂದು ಟೆಂಬುಸು ಮರವಿದೆ, ಅದರ ಒಂದು ಕೊಂಬೆ ನೆಲದ ಹತ್ತಿರಕ್ಕೆ ಅಡ್ಡಡ್ಡ ಬೆಳೆದಿದೆ. ಸಿಂಗಪುರದ ಐದು ಡಾಲರ್ ನೋಟಿನ ಹಿಂದೆ ಇರುವುದು ಇದೇ ಮರ. ಅಳಿಯ ನೋಟು ತೆಗೆದು "ನೋಡು ಪುಟ್ಟಿ, ಇದೂ ಅದೂ ಒಂದೇ" ಅಂತ ತೋರಿಸುವಷ್ಟರಲ್ಲಿ ನೋಟು ಅವಳ ಬಾಯಿಗೆ ಹೋಗಿತ್ತು. ಪುಣ್ಯಕ್ಕೆ ಅದು ಪ್ಲಾಸ್ಟಿಕ್ ನೋಟು. ಜೊಲ್ಲು ಒರೆಸಿ, ಅದರಲ್ಲೇ ಎಳನೀರು ಕೊಂಡೆವು. ಮಧ್ಯಾಹ್ನ ಹೋಟೆಲ್ಲಿಗೆ ಬಂದು ನಾಲ್ವರೂ ಮಲಗಿದೆವು. ಬಹಳ ಒಳ್ಳೆಯ ದಿನ.

ಎಡವಟ್ಟಾದದ್ದು ಎರಡನೇ ದಿನ. ನಮ್ಮ ಅಳಿಯ ಕಂಪ್ಯೂಟರ್ ಕೆಲಸದವರು, ಎಲ್ಲಕ್ಕೂ ಒಂದು ಎಕ್ಸೆಲ್ ಹಾಳೆ. ಆ ದಿನದ ಹಾಳೆಯಲ್ಲಿ ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಸೆಂಟೋಸಾ ದ್ವೀಪ, ಸಂಜೆ ಮರೀನಾ ಬೇ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅತ್ತೆಯಾದವಳು ಎಷ್ಟು ಅಂತ ಮಾತಾಡುವುದು? ಮೃಗಾಲಯ ಚೆನ್ನಾಗಿತ್ತು, ಒರಾಂಗುಟಾನ್‌ಗಳು ತಲೆಯ ಮೇಲಿನ ಮರಗಳಲ್ಲೇ ಓಡಾಡುತ್ತವೆ. ಆದರೆ ಮಂಗಳೂರಿನ ಏಪ್ರಿಲ್ಲಿನಂಥ ಸೆಕೆ. ಪುಟ್ಟಿ ಹನ್ನೊಂದಕ್ಕೆ ಮಲಗಬೇಕಾದವಳು ಮಲಗಲಿಲ್ಲ. ಖಟೀಬ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು, ಅಲ್ಲಿ ಎಂಆರ್‌ಟಿ ಅನ್ನುತ್ತಾರೆ. ಬಾಗಿಲು ಮುಚ್ಚಿದ ತಕ್ಷಣ ಅವಳ ಅಳು ಶುರು.

ಹಸಿದ ಮಗುವಿನ ಅಳು ನನಗೆ ಗೊತ್ತಾಗದೆ ಇರುತ್ತದೆಯೇ? ಫ್ಲಾಸ್ಕಿನಲ್ಲಿ ರಾಗಿ ಸರಿ ಇತ್ತು. ಬೆಳ್ಳಿ ಬಟ್ಟಲಿಗೆ ಬಗ್ಗಿಸಿ, ಚಮಚ ಎತ್ತಿದ್ದೇ ತಡ, ಅಳಿಯ ಪಿಸುಗುಟ್ಟಿದರು, "ಅತ್ತೆ, ಇಲ್ಲಿ ತಿನ್ನೋ ಹಾಗಿಲ್ಲ." ಕಣ್ಣೆತ್ತಿ ನೋಡಿದರೆ ಎದುರಿಗೇ ಫಲಕ: ತಿಂದರೆ, ಕುಡಿದರೆ ದಂಡ ಐನೂರು ಡಾಲರ್. ಐನೂರು! ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ, ಕದ್ದ ಮಾಲಿನ ಹಾಗೆ. ಡಬ್ಬಿಯಲ್ಲಿದ್ದವರೆಲ್ಲ ಫೋನಿನಿಂದ ತಲೆಯೆತ್ತಿದರು. ಮುಂದಿನ ಯಾವುದೋ ಒಂದು ನಿಲ್ದಾಣದಲ್ಲಿ ಇಳಿಯೋಣ ಅಂದೆ. ಇಳಿದದ್ದು ಆಂಗ್ ಮೋ ಕಿಯೊ.

ಪ್ರವಾಸಿಗಳು ಅಲ್ಲಿ ಇಳಿಯುವುದಿಲ್ಲ, ನೋಡುವಂಥದ್ದು ಏನೂ ಇಲ್ಲ. ಬರೀ ಮನೆಗಳು. ಆ ದೇಶದ ಬಹುಪಾಲು ಜನ ಸರಕಾರ ಕಟ್ಟಿಸಿದ ಎತ್ತರದ ಕಟ್ಟಡಗಳಲ್ಲಿದ್ದಾರೆ, ಅವಕ್ಕೆ ಎಚ್‌ಡಿಬಿ ಅನ್ನುತ್ತಾರೆ. ಅವುಗಳಲ್ಲಿ ಎಷ್ಟೋ ಕಟ್ಟಡಗಳ ನೆಲಮಟ್ಟದಲ್ಲಿ ಮನೆ ಕಟ್ಟದೆ ಖಾಲಿ ಬಿಟ್ಟಿದ್ದಾರೆ. ಕಂಬಗಳು, ಕಲ್ಲುಬೆಂಚು, ನೆರಳು, ಈ ಕಡೆಯಿಂದ ಆ ಕಡೆಗೆ ಬೀಸುವ ಗಾಳಿ. ವಾಯ್ಡ್ ಡೆಕ್ ಅಂತ ಹೆಸರು. ನಮ್ಮ ಹಳೇ ಮನೆಗಳ ಜಗಲಿ ಅಂದುಕೊಳ್ಳಿ, ಇಡೀ ಕಟ್ಟಡಕ್ಕೆ ಒಂದೇ ಜಗಲಿ. ಮದುವೆಯೂ ಅಲ್ಲೇ, ಸತ್ತವರ ಕಾರ್ಯವೂ ಅಲ್ಲೇ.

ಅಲ್ಲಿ ಕೂತು ಸರಿ ತಿನ್ನಿಸಿದೆ. ಎಪ್ಪತ್ತು ದಾಟಿದ ಒಬ್ಬ ಚೀನೀ ಹೆಂಗಸು ತರಕಾರಿ ಚೀಲ ಹಿಡಿದು ಬಂದವರು ನಿಂತರು. "ಮಕಾನ್?" ಅಂದರು. ಊಟಕ್ಕೆ ಮಲಯ ಭಾಷೆಯ ಮಾತು ಅದು, ಅಲ್ಲಿ ಯಾವ ಜನವಾದರೂ ಅದನ್ನೇ ಆಡುತ್ತಾರೆ. ಬಟ್ಟಲೊಳಗೆ ಇಣುಕಿ "ಚಾಕೊಲೇಟ್?" ಅಂದರು. "ರಾಗಿ" ಅಂದೆ. "ಲಾಗಿ" ಅಂದರು. ತಮ್ಮ ಎದೆ ಮುಟ್ಟಿಕೊಂಡು "ಪೊ ಪೊ" ಅಂದರು, ತಾಯಿಯ ತಾಯಿ. ನಾನು ನನ್ನ ಎದೆ ಮುಟ್ಟಿ "ಅಜ್ಜಿ" ಅಂದೆ. ಅವರ ಕೈಯಲ್ಲಿ ಹಸಿರು ಜೇಡ್ ಕಲ್ಲಿನ ಬಳೆ. ಪುಟ್ಟಿ ಆ ಕೈ ಎಳೆದುಕೊಂಡು ಬಳೆಗೆ ಬಾಯಿ ಹಾಕಿದಳು. ಎರಡೇ ಹಲ್ಲು, ಟಕ್ ಅಂತ ಸದ್ದು. ಅವರಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಹತ್ತು ನಿಮಿಷದಲ್ಲಿ ಮಗು ಸ್ಟ್ರೋಲರಿನಲ್ಲಿ ನಿದ್ದೆ ಹೋಯಿತು, ಎರಡು ಗಂಟೆ. ನನ್ನ ಮಗಳೂ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದಳು, ಬಾಣಂತನ ಮುಗಿದ ಮೇಲೆ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಅಳಿಯ ಎಕ್ಸೆಲ್ ಹಾಳೆ ನೋಡಿದರು, ಅವಳನ್ನು ನೋಡಿದರು, ಫೋನು ಜೇಬಿಗೆ ಹಾಕಿಕೊಂಡರು. ಸೆಂಟೋಸಾ ನಾವು ನೋಡಲೇ ಇಲ್ಲ. ನೀವು ನೋಡಿ ಬಂದು ನನಗೆ ಹೇಳಿ.

ಸ್ಟುಡಿಯೋದ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆಯಂತೆ. ಮಿಕ್ಕಿದ್ದು ಓಡಿಸುತ್ತೇನೆ.

ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ನಾಲ್ಕು ದಿನಕ್ಕೆ ಮಗುವಿನ ಹೊತ್ತು ಬದಲಿಸಲು ಹೋಗಬೇಡಿ, ನಮ್ಮ ಊರಿನ ಹೊತ್ತಿಗೇ ಮಲಗಲಿ, ಏಳಲಿ. ಅದರಿಂದ ಲಾಭವೇ ಇದೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಐವತ್ತು ಮೀಟರ್‌ವರೆಗಿನ ಉಕ್ಕಿನ ಮರಗಳಿವೆ, ರಾತ್ರಿ 7.45ಕ್ಕೆ ದೀಪದ ಆಟ, ಬಿಟ್ಟಿ. ಅದು ಮಗುವಿನ ಲೆಕ್ಕದಲ್ಲಿ ಸಂಜೆ ಐದೂಕಾಲು! ಅಮ್ಮ ಅಪ್ಪ ತೂಕಡಿಸುತ್ತಿರುತ್ತಾರೆ, ಮಗು ಚಪ್ಪಾಳೆ ತಟ್ಟುತ್ತಿರುತ್ತದೆ. ಆದರೆ ಆ ದಿನ ಬೆಳಿಗ್ಗೆ ಎಲ್ಲೂ ಹೋಗಬೇಡಿ. ದಿನಕ್ಕೆ ಒಂದೇ ಜಾಗ, ಹೇಳಿದೆನಲ್ಲ.

ಸ್ಟ್ರೋಲರ್ ಒಯ್ಯಿರಿ, ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಮಾಲ್‌ಗಳ ಒಳಗೆ ಎಸಿ ಚಳಿ, ಒಂದು ಕುಲಾವಿ ಕೈಗೆ ಸಿಗುವಂತಿರಲಿ. ಊಟಕ್ಕೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆ, 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಅಲ್ಲೇ ಇದೆ. ಇಡ್ಲಿ ಹಿಸುಕಿ ಕೊಟ್ಟರೆ ಮಗು ಬೇಡ ಅನ್ನುವುದಿಲ್ಲ. ನಲ್ಲಿ ನೀರು ಕುಡಿಯಬಹುದು, ಮಗುವಿಗೆ ಮಾತ್ರ ಹೋಟೆಲಿನ ಕೆಟಲಿನಲ್ಲಿ ಕಾಯಿಸಿ ಆರಿಸಿ ಕೊಡಿ. ವಾಪಸು ಬರುವ ದಿನ ಚಾಂಗಿ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಬೇಗ ಹೋಗಿ. ಜ್ಯುವೆಲ್ ಅನ್ನುವ ಕಟ್ಟಡದಲ್ಲಿ ಚಾವಣಿಯಿಂದ ನಲವತ್ತು ಮೀಟರ್ ಜಲಪಾತ ಬೀಳುತ್ತದೆ. ಆ ದಿನದ ಜಾಗ ಅದೇ.

ಜ್ವರದ ಡ್ರಾಪ್ಸ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಎರಡು ಜೊತೆ ಬಟ್ಟೆ, ಇವಿಷ್ಟು ಕೈಚೀಲದಲ್ಲಿರಲಿ, ಸೂಟ್‌ಕೇಸಿಗೆ ಹಾಕಬೇಡಿ. ನಿಮಗೂ ಒಂದು ಜೊತೆ ಇಟ್ಟುಕೊಳ್ಳಿ, ವಾಂತಿ ಆಗುವುದು ನಿಮ್ಮ ಮೈಮೇಲೇ. ನಮಸ್ಕಾರ.