ಎಲ್ಲವೂ ಉಷ್ಣವಲ್ಲ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಬಿಸಿಲಿನ ಮೇಲೆ ನಾವು ಹೊರಿಸದ ತಪ್ಪಿಲ್ಲ. ತಲೆ ಸಿಡಿದರೆ ಬಿಸಿಲು, ಬಾಯಲ್ಲಿ ಹುಣ್ಣಾದರೆ ಬಿಸಿಲು. ಮೂತ್ರ ಉರಿದರಂತೂ ಉಷ್ಣವಾಗಿದೆ ಎಂದು ಒಂದು ಚೊಂಬು ಮಜ್ಜಿಗೆ. ಮೇ ತಿಂಗಳಲ್ಲಿ ಪಾದರಸ 43 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಮಾತು ಅರ್ಧ ನಿಜ. ನೀರು ಕಡಿಮೆಯಾದರೆ ಮೂತ್ರ ಉರಿಯುತ್ತದೆ. ಉಳಿದರ್ಧದ ಬಗ್ಗೆ, ಅಂದರೆ ಲೈಂಗಿಕ ಸಂಪರ್ಕದಿಂದ ತಗುಲುವ ಸೋಂಕೊಂದರ ಬಗ್ಗೆ, ಈ ಹೊತ್ತು ಮಾತನಾಡುತ್ತೇನೆ. ಮನೆಯಲ್ಲಿ ಹರೆಯದ ಮಕ್ಕಳಿದ್ದಾರೆಂದು ದಯವಿಟ್ಟು ರೇಡಿಯೊ ಆರಿಸಬೇಡಿ, ಅವರೂ ಕೇಳಲಿ.

ತೊಗರಿ ಲೋಡು ಹೊತ್ತು ಸೊಲ್ಲಾಪುರ, ಹೈದರಾಬಾದು ಎಂದು ತಿರುಗುವ ಲಾರಿ ಚಾಲಕರೊಬ್ಬರು ಮೂತ್ರ ಉರಿಯುತ್ತದೆಂದು ವೈದ್ಯನಾದ ನನ್ನ ಬಳಿ ಬಂದಿದ್ದರು. ಲಾರಿಯವರು ಎಂದ ಕೂಡಲೇ ನಗಬೇಡಿ. ಇದೇ ತೊಂದರೆಗೆ ಗುಮಾಸ್ತರೂ ಬಂದಿದ್ದಾರೆ, ಕಾಲೇಜು ಹುಡುಗರೂ ಬಂದಿದ್ದಾರೆ. ಆ ಚಾಲಕರು ಹದಿನೈದು ದಿನ ಸಬ್ಜಾ ಬೀಜದ ಶರಬತ್ತು ಕುಡಿದಿದ್ದರು. ಆಮೇಲೆ ಔಷಧಿ ಅಂಗಡಿಯಲ್ಲಿ ಕೇಳಿ ಎರಡು ದಿನ ಗುಳಿಗೆ ನುಂಗಿದ್ದರು. ಉರಿ ತಗ್ಗಿತ್ತು. ಆದರೆ ಬೆಳಗ್ಗೆ ಎದ್ದಾಗ ಒಳಉಡುಪಿನ ಮೇಲೆ ಗಂಜಿ ಒಣಗಿದಂಥ ಕಲೆ. ಅದೊಂದನ್ನು ಹೇಳಲು ಅವರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದರು.

ಅವರಿಗಿದ್ದುದು ಕ್ಲಮಿಡಿಯಾ, ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಕಣ್ಣು ಕಳೆಯುವ ಟ್ರಕೋಮಾ ರೋಗವನ್ನು ತರುವುದೂ ಇದೇ ಜಾತಿಯ ಬ್ಯಾಕ್ಟೀರಿಯಾ. ಟ್ರಕೋಮಾ ಈಗ ಭಾರತದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಅದರ ಈ ದಾಯಾದಿ ಮಾತ್ರ ಎಲ್ಲಿಗೂ ಹೋಗಿಲ್ಲ. 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷದವರಿಗೆ ತಗುಲಿದ ಹೊಸ ಸೋಂಕು ಸುಮಾರು 12.9 ಕೋಟಿ ಎಂಬುದು ಅದೇ ಸಂಸ್ಥೆಯ ಅಂದಾಜು.

‘ನಿಮ್ಮ ಮನೆಯವರನ್ನೂ ಕರೆತನ್ನಿ’ ಎಂದೆ.

‘ಅವಳಿಗೇನೂ ಆಗಿಲ್ಲ, ಸಾಹೇಬರೇ.’

ಈ ರೋಗದ ಕಪಟವೇ ಅದು. ಗಂಡಸರಲ್ಲಿ ಎಷ್ಟೋ ಜನರಿಗೆ, ಹೆಂಗಸರಲ್ಲಿ ಬಹುಪಾಲು ಜನರಿಗೆ, ಯಾವ ಲಕ್ಷಣವೂ ಕಾಣುವುದಿಲ್ಲ. ಕಂಡರೂ ಸ್ವಲ್ಪ ಬಿಳಿಸೆರಗು, ಕೂಡಿದ ಮೇಲೆ ತುಸು ರಕ್ತ, ಕಿಬ್ಬೊಟ್ಟೆಯಲ್ಲಿ ನೋವು. ಹೊಲದಲ್ಲಿ ಬಗ್ಗಿ ಕಳೆ ಕಿತ್ತದ್ದಕ್ಕೆ ನೋವು ಎಂದುಕೊಂಡು ಆಕೆ ಸುಮ್ಮನಾಗುತ್ತಾಳೆ. ಅಷ್ಟರಲ್ಲಿ ಸೋಂಕು ಗರ್ಭಕೊರಳಿನಿಂದ ಮೇಲಕ್ಕೇರಿ ಗರ್ಭನಾಳಗಳಲ್ಲಿ ಗಾಯದ ಕಲೆ ಉಳಿಸಬಹುದು. ನಾಳ ಮುಚ್ಚಿದರೆ ಬಸಿರು ನಿಲ್ಲುವುದಿಲ್ಲ, ಅರೆಬರೆ ಮುಚ್ಚಿದರೆ ಬಸಿರು ನಾಳದಲ್ಲೇ ನಿಂತು ಜೀವಕ್ಕೆ ಕುತ್ತಾಗಬಹುದು. ಮಕ್ಕಳಾಗಲಿಲ್ಲವೆಂದು ಬಂದೇನವಾಜರ ದರ್ಗಾಕ್ಕೂ ಗಾಣಗಾಪುರಕ್ಕೂ ಹರಕೆ ಹೊತ್ತು ಅಲೆಯುವ ಸೊಸೆಯರಲ್ಲಿ ಇಂಥವರೂ ಇದ್ದಾರೆ. ಸೋಂಕು ತಂದವನು ಗಂಡನಾದರೂ ಬಂಜೆ ಎಂಬ ಹೆಸರು ಆಕೆಗೇ. ಇದನ್ನು ಹೇಳುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ತಾಯಿಗಿದ್ದ ಸೋಂಕು ಹೆರಿಗೆಯಲ್ಲಿ ಕೂಸಿನ ಕಣ್ಣಿಗೂ ಶ್ವಾಸಕೋಶಕ್ಕೂ ತಗುಲಬಹುದು.

ಚಿಕಿತ್ಸೆ ಮಾತ್ರ ಸುಲಭ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಏಳು ದಿನ. ಬಸುರಿಯರಿಗೆ ಅದು ಬೇಡ, ಅಜಿತ್ರೊಮೈಸಿನ್ ಕೊಡುತ್ತಾರೆ. ವೈದ್ಯರನ್ನು ಕಾಣದೆ ನೀವೇ ಕೊಂಡು ನುಂಗಬೇಡಿ. ಹೀಗೆಯೇ ಹರಡುವ ಗೊನೊರಿಯಾ ಎಂಬ ಇನ್ನೊಂದು ಸೋಂಕು ಜೊತೆಗಿದ್ದರೆ ಅದಕ್ಕೆ ಬೇರೆ ಔಷಧಿ ಬೇಕು. ಡಾಕ್ಸಿಸೈಕ್ಲಿನ್ನನ್ನು ದೊಡ್ಡ ಲೋಟ ನೀರಿನೊಂದಿಗೆ ಕುಳಿತು ನುಂಗಿ. ನುಂಗಿದೊಡನೆ ಮಲಗಿದರೆ ಅನ್ನನಾಳ ಸುಡುತ್ತದೆ. ಆ ಗುಳಿಗೆ ತೆಗೆದುಕೊಳ್ಳುವಾಗ ಚರ್ಮ ಬಿಸಿಲಿಗೆ ಬೇಗ ಕಂದುತ್ತದೆ, ತಲೆಗೆ ಟವೆಲ್ಲು, ಮೈಗೆ ತುಂಬುತೋಳಿನ ಅಂಗಿ ಇರಲಿ. ಗಂಡ ಹೆಂಡತಿ ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಕೂಡಬಾರದು. ಒಬ್ಬರೇ ಗುಳಿಗೆ ನುಂಗಿದರೆ ಸೋಂಕು ಇನ್ನೊಬ್ಬರಿಂದ ಮರಳಿ ಬರುತ್ತದೆ. ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಶೌಚಾಲಯದಿಂದ, ಟವೆಲ್ಲಿನಿಂದ, ಒಂದೇ ತಟ್ಟೆಯಲ್ಲಿ ಉಂಡದ್ದರಿಂದ ಇದು ಬರುವುದಿಲ್ಲ. ಪ್ರತಿ ಸಲವೂ ಸರಿಯಾಗಿ ಬಳಸಿದ ನಿರೋಧ್ ಸೋಂಕಿನ ಅಪಾಯವನ್ನು ಬಹಳ ತಗ್ಗಿಸುತ್ತದೆ. ಇಂಥ ಸೋಂಕುಗಳಿಗೆಂದೇ ಇರುವ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆಯೂ ಔಷಧಿಯೂ ಉಚಿತ, ಗುಟ್ಟು ಹೊರಗೆ ಹೋಗುವುದಿಲ್ಲ. ಮುಖ ತೋರಿಸಲು ನಾಚಿಕೆಯಾದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕಾಸು ಬೀಳುವುದಿಲ್ಲ.

ಆ ಚಾಲಕರು ಮರುವಾರ ಹೆಂಡತಿಯೊಂದಿಗೆ ಬಂದರು. ಇಬ್ಬರಿಗೂ ಗುಳಿಗೆ ಬರೆದುಕೊಟ್ಟೆ. ಬಾಗಿಲವರೆಗೆ ಹೋದವರು ತಿರುಗಿ, ‘ಸಬ್ಜಾ ಶರಬತ್ತು ಬಿಡಬೇಕೇ, ಸಾಹೇಬರೇ?’ ಎಂದು ಕೇಳಿದರು.

‘ಕುಡಿಯಿರಿ, ಹೊರಗೆ ಬಿಸಿಲು ಬಹಳವಿದೆ’ ಎಂದೆ.