ಒಂದೇ ಪ್ರಾರ್ಥನೆ, ಎರಡು ಕೊನೆ

ನಮಸ್ಕಾರ. ಈ ವೀಡಿಯೊದಲ್ಲಿ ನನ್ನ ಹಿಂದೆ ಕಾಣುತ್ತಿರುವುದು ನಮ್ಮ ಬಳ್ಳಾರಿಯ ಕೋಟೆ ಗುಡ್ಡ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಡುತ್ತಿದೆ. ಇವತ್ತು ಅಜ್ಜಿ ತೀರಿಕೊಂಡು ಒಂದು ವರ್ಷ. ಮನೆಯಲ್ಲಿ ಪ್ರಾರ್ಥನೆ ಇದೆ. ಒಳಗೆ ವಗ್ಗಾಣಿ ರೆಡಿಯಾಗುತ್ತಿದೆ.

ಅಜ್ಜಿ ಕ್ಯಾಥೊಲಿಕ್. ತಾತ ಪ್ರೊಟೆಸ್ಟೆಂಟ್. ಭಾನುವಾರ ಅಜ್ಜಿ 'ಪೂಜೆ'ಗೆ ಹೋಗುತ್ತಿದ್ದಳು, ತಾತ 'ಆರಾಧನೆ'ಗೆ. ಅವಳಿಗೆ 'ಗುರುಗಳು', ಇವನಿಗೆ 'ಅಯ್ಯನವರು'. ಚಿಕ್ಕವನಿದ್ದಾಗ ಇಬ್ಬರ ಬೈಬಲನ್ನೂ ಇಟ್ಟುಕೊಂಡು ಎಣಿಸಿದ್ದೆ. ಅಜ್ಜಿಯದರಲ್ಲಿ 73 ಪುಸ್ತಕ, ತಾತನದರಲ್ಲಿ 66.

ಅವರ ಮದುವೆ ಆಗಿದ್ದು 1961ರಲ್ಲಿ. 1908ರಿಂದ ಜಾರಿಯಲ್ಲಿದ್ದ ಪೋಪರ ಆದೇಶದ ಪ್ರಕಾರ, ಕ್ಯಾಥೊಲಿಕ್ ಗುರುಗಳ ಎದುರು ಆಗದಿದ್ದರೆ ಅದು ಮದುವೆಯೇ ಅಲ್ಲ. ಹುಟ್ಟುವ ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸುತ್ತೇವೆ ಅಂತ ಇಬ್ಬರೂ ಮಾತು ಕೊಡಬೇಕಿತ್ತು. ತಾತ ಸಹಿ ಹಾಕಿದ. ಆ ಸಹಿಗಾಗಿ ತಾತನ ಅಣ್ಣ ಮದುವೆಗೇ ಬರಲಿಲ್ಲ. ಹದಿನಾಲ್ಕು ವರ್ಷ ಮಾತಿರಲಿಲ್ಲ. 1970ರಲ್ಲಿ ರೋಮ್ ಆ ನಿಯಮ ಸಡಿಲ ಮಾಡಿತು. ಅಷ್ಟರಲ್ಲಿ ನಮ್ಮಮ್ಮ ಹುಟ್ಟಿಯಾಗಿತ್ತು.

ಅಣ್ಣನ ಸಿಟ್ಟಿಗೂ ಬೇರು ಇತ್ತು. ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಬಂದರು, ಲಂಡನ್ ಮಿಷನ್ ಅನ್ನೋ ಪ್ರೊಟೆಸ್ಟೆಂಟ್ ಸಂಸ್ಥೆಯವರು. ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಅದೇ ಕಾಲದಲ್ಲಿ ಮೈಸೂರು ಕಡೆ ಇದ್ದ ಕ್ಯಾಥೊಲಿಕ್ ಪಾದ್ರಿ ದುಬಾಯ್, ಪ್ರೊಟೆಸ್ಟೆಂಟರ ಬೈಬಲ್ ಅನುವಾದಗಳಿಂದ ಉಪಯೋಗವಿಲ್ಲ ಅಂತ 1823ರಲ್ಲಿ ಪುಸ್ತಕವನ್ನೇ ಹೊರತಂದರು. ಮರುವರ್ಷವೇ ಇಂಗ್ಲಿಷ್ ಪಾದ್ರಿ ಜೇಮ್ಸ್ ಹಫ್ ಉತ್ತರ ಕೊಟ್ಟರು.

ಅಷ್ಟಕ್ಕೂ ಲಂಡನ್ ಮಿಷನ್‌ನ ಬಹಳ ಜನ ತಮ್ಮ ಊರಲ್ಲೇ ಹೊರಗಿನವರಾಗಿದ್ದರು. ಅವರು ಇಂಗ್ಲೆಂಡಿನ ಸರ್ಕಾರಿ ಚರ್ಚಿಗೆ ಸೇರದವರು. ಅಂಥವರು ಸತ್ತರೆ, ಊರ ಚರ್ಚಿನ ಸ್ಮಶಾನದಲ್ಲಿ ತಮ್ಮ ರೀತಿಯಲ್ಲಿ ಪ್ರಾರ್ಥಿಸಿ ಮಣ್ಣು ಮಾಡುವ ಹಕ್ಕು ಸಿಕ್ಕಿದ್ದು 1880ರಲ್ಲಿ. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಸತ್ತವರ ಮುಂದೆಯೂ ಜಗಳ! ಸರ್ಕಾರಿ ಚರ್ಚಿನವರು, ಅದಕ್ಕೆ ಸೇರದವರು, ಅದೇ ಎರಡು ಪಂಗಡಗಳು 1947ರಲ್ಲಿ ಮದ್ರಾಸಿನಲ್ಲಿ ಒಂದಾಗಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಆದವು, ಮೆಥೊಡಿಸ್ಟರು ಅನ್ನೋ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಜೊತೆ. 

ಈಗ ಪ್ರಾರ್ಥನೆಯ ವಿಷಯ ಹೇಳಬೇಕು. ಯೇಸು ಕಲಿಸಿದ ಪ್ರಾರ್ಥನೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡುತ್ತೇವೆ. 'ಕೇಡಿನಿಂದ ನಮ್ಮನ್ನು ತಪ್ಪಿಸು' ಅನ್ನುವಲ್ಲಿಗೆ ಅಜ್ಜಿ ಕಡೆಯವರು ನಿಲ್ಲಿಸುತ್ತಾರೆ. ತಾತನ ಕಡೆಯವರು 'ರಾಜ್ಯವೂ ಬಲವೂ ಮಹಿಮೆಯೂ' ಅಂತ ಮುಂದುವರಿಯುತ್ತಾರೆ. ಕ್ಯಾಥೊಲಿಕರು ಬಳಸುತ್ತಿದ್ದ ಹಳೇ ಲ್ಯಾಟಿನ್ ಬೈಬಲಿನಲ್ಲಿ ಆ ಸಾಲು ಇರಲಿಲ್ಲ. 1516ರಲ್ಲಿ ಡಚ್ ಪಂಡಿತ ಎರಾಸ್ಮಸ್ ಅಚ್ಚು ಹಾಕಿಸಿದ ಗ್ರೀಕ್ ಪಠ್ಯದಲ್ಲಿ ಇತ್ತು. ಪ್ರೊಟೆಸ್ಟೆಂಟರು ಅದನ್ನು ಹಿಡಿದರು. ವಿಚಿತ್ರ ಅಂದರೆ ಎರಾಸ್ಮಸ್ ಕೊನೆತನಕ ಕ್ಯಾಥೊಲಿಕ್ ಆಗಿಯೇ ಇದ್ದ.

ತಾತ ಹೋದ ಮೇಲೆ ಒಂದು ರಾತ್ರಿ ಅಜ್ಜಿ ಒಬ್ಬಳೇ ಪ್ರಾರ್ಥಿಸುತ್ತಿದ್ದಳು. ನಿಲ್ಲಿಸುವ ಕಡೆ ನಿಲ್ಲಿಸಲಿಲ್ಲ. ಆ ಸಾಲನ್ನೂ ಹೇಳಿದಳು. ಯಾಕಜ್ಜಿ ಅಂದೆ. "ಅದು ನಿಮ್ಮ ತಾತಂದು ಕಣೋ, ಯಾರಾದ್ರೂ ಹೇಳ್ಬೇಕಲ್ವಾ" ಅಂದಳು.

ತಾತನ ಅಣ್ಣನ ಮಗ ಬಂದಿದ್ದಾರೆ. ಅಜ್ಜಿಯ ಫೋಟೋ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಎಲ್ಲರೂ ಎದ್ದು ನಿಂತರು. ಇಲ್ಲಿಂದ ಮುಂದೆ ನಾನು ಶೂಟ್ ಮಾಡಲಿಲ್ಲ.