ಲಾಸ್ ಏಂಜಲೀಸ್ ಕಟ್ಟಿದ 44 ಜನ

ಎಲ್ಲರಿಗೂ ನಮಸ್ಕಾರ. ಇವತ್ತು ಈ ವಿಷಯ ಆರಿಸಿಕೊಂಡದ್ದಕ್ಕೆ ನಿಮ್ಮ ಮನೆ ಮಕ್ಕಳೇ ಕಾರಣ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸಿಗೆ ಬಂದರೆ ಸಾಕು, ಮಿಷನ್ ಪ್ರಾಜೆಕ್ಟ್, ಅಂದರೆ ಸ್ಪೇನಿನ ಪಾದ್ರಿಗಳು ಕಟ್ಟಿದ ಧರ್ಮಕೇಂದ್ರದ ಮಾದರಿ ಮಾಡುವ ಕೆಲಸ, ಶುರುವಾಗುತ್ತದೆ, ಅಲ್ವಾ? ಅಪ್ಪ ಅಮ್ಮ ರಾತ್ರಿ ಹನ್ನೊಂದರ ತನಕ ರಟ್ಟು, ಅಂಟು ಹಿಡಿದು ಕೂರುತ್ತಾರೆ. ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಗಂಟೆ ಗೋಡೆ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಇಷ್ಟೆಲ್ಲಾ ಆದಮೇಲೆ ಮಗುವಿನ ತಲೆಯಲ್ಲಿ ಉಳಿಯುವುದು ಒಂದೇ ಮಾತು: ಸ್ಪೇನಿನವರು ಬಂದರು, ಊರು ಕಟ್ಟಿದರು. ಆ ಮಾತು ತಪ್ಪು. ಅದನ್ನು ಹೇಳಲಿಕ್ಕೇ ಬಂದಿದ್ದೇನೆ.

ಊರು ಶುರುವಾದದ್ದು 1781ರ ಸೆಪ್ಟೆಂಬರ್ 4ಕ್ಕೆ. ಅದೇ ನವೆಂಬರಿನಲ್ಲಿ ಮನೆಮನೆಯ ಲೆಕ್ಕ ಬರೆದಿಟ್ಟರು. ಹೆಸರು, ವಯಸ್ಸು, ಯಾವ ಕುಲ, ಎಲ್ಲಾ ಇದೆ. ಹನ್ನೊಂದು ಕುಟುಂಬ, 44 ಜನ, ಅರ್ಧ ಮಕ್ಕಳು. ಆ ಹನ್ನೊಂದು ಯಜಮಾನರಲ್ಲಿ ಸ್ಪ್ಯಾನಿಷ್ ಎಂದು ಬರೆದಿರುವುದು ಇಬ್ಬರಿಗೆ ಮಾತ್ರ, ಅವರ ಹೆಂಡತಿಯರೂ ಮೂಲನಿವಾಸಿಗಳು. ನಾಲ್ವರು ಮೂಲನಿವಾಸಿ, ಇಬ್ಬರು ಕಪ್ಪು ಜನ, ಇಬ್ಬರು ಮುಲಾಟೊ, ಅಂದರೆ ಕಪ್ಪು-ಬಿಳಿ ಮಿಶ್ರ ಕುಲದವರು, ಒಬ್ಬ ಮೆಸ್ತಿಜೊ, ಅಂದರೆ ಸ್ಪ್ಯಾನಿಷ್-ಮೂಲನಿವಾಸಿ ಮಿಶ್ರ ಕುಲದವನು. ಪಟ್ಟಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮಾತು ಸ್ಪ್ಯಾನಿಷ್, ದೊರೆ ಸ್ಪೇನಿನವನು, ಅಪ್ಪಣೆ ಗವರ್ನರ್ ಫೆಲಿಪೆ ದೆ ನೆವೆಯದು, ನಿಜ. ಮಣ್ಣಿಗೆ ಕೈ ಹಾಕಿದವರು ಬೇರೆ.

ಅವರು ಈಗಿನ ಮೆಕ್ಸಿಕೊದ ಸಿನಲೋವಾ, ಸೊನೋರಾ ಕಡೆಯ ಬಡವರು. ಸೈನ್ಯದ ಠಾಣೆಗಳಿಗೆ ಕಾಳು ದೂರದಿಂದ ಹಡಗಿನಲ್ಲಿ ಬರಬೇಕಿತ್ತು. ಇಲ್ಲೇ ಬೆಳೆಯುವವರು ಬೇಕು ಅಂತ ಜಮೀನು, ದನ, ಕುರಿ ಕೊಡುವ ಆಸೆ ತೋರಿಸಿ ಕರೆದರು. 24 ಕುಟುಂಬ ಹುಡುಕಿ ಅಂತ ಕ್ಯಾಪ್ಟನ್ ರಿವೇರಾಗೆ ಹೇಳಿದ್ದರು, ಅಷ್ಟು ಜನ ಒಪ್ಪಲೇ ಇಲ್ಲ. ಒಪ್ಪಿದವರು ದೋಣಿಯಲ್ಲಿ ಕೊಲ್ಲಿ ದಾಟಿ ಲೊರೇಟೊಗೆ ಬಂದು, ಅಲ್ಲಿಂದ ಬಾಹಾ ಕ್ಯಾಲಿಫೋರ್ನಿಯಾ ಉದ್ದಕ್ಕೂ ಮಕ್ಕಳು ಮರಿ ಕಟ್ಟಿಕೊಂಡು ಉತ್ತರಕ್ಕೆ ಬಂದರು. ದಾರಿಯಲ್ಲಿ ಸಿಡುಬು ಬೇರೆ. ಮನಿಲಾದಲ್ಲಿ ಹುಟ್ಟಿದ ಆಂಟೋನಿಯೊ ಮಿರಾಂಡಾ ಅನ್ನುವವನು ಮಗಳಿಗೆ ಸಿಡುಬು ಎದ್ದದ್ದರಿಂದ ಲೊರೇಟೊದಲ್ಲೇ ಉಳಿದ. ರಿವೇರಾ ದನಗಳನ್ನು ಹೊಡೆದುಕೊಂಡು ನೆಲದ ದಾರಿಯಲ್ಲಿ ಬಂದ, ಕೊಲರಾಡೊ ನದಿಯ ಹತ್ತಿರ ಅಲ್ಲಿನ ಮೂಲನಿವಾಸಿ ಕ್ವೆಚಾನ್ ಜನ ತಿರುಗಿಬಿದ್ದಾಗ ಸತ್ತ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಟೈಮು ನೋಡಬೇಡಿ, ಇದನ್ನು ಪೂರ್ತಿ ಹೇಳಲೇಬೇಕು.

ಪಟ್ಟಿಯಲ್ಲಿ ಲೂಯಿಸ್ ಕಿಂಟೆರೊ ಅಂತ ಒಬ್ಬನಿದ್ದಾನೆ. ಕಪ್ಪು ಜನದವನು, ವಯಸ್ಸು 55, ಕಸುಬು ದರ್ಜಿ. ಹೆಂಡತಿ ಪೆತ್ರಾ ರೂಬಿಯೊ, ಐದು ಮಕ್ಕಳು, ಕೊನೆಯವನಿಗೆ ಮೂರು ವರ್ಷ. ಯೋಚನೆ ಮಾಡಿ, 55ರ ದರ್ಜಿಗೆ ಹಾರೆ, ಗುದ್ದಲಿ ಕೊಟ್ಟು ಕಾಡು ಕಡಿದು ಹೊಲ ಮಾಡು ಅಂದರೆ ಹೇಗಿರಬೇಕು! ಹನ್ನೊಂದು ಮನೆಯ ಊರಿನಲ್ಲಿ ಬಟ್ಟೆ ಹೊಲಿಸುವವರಾದರೂ ಎಷ್ಟು ಜನ? 1782ರಲ್ಲಿ, ಊರಿಗೆ ವರ್ಷ ತುಂಬುವ ಮೊದಲೇ, ಪ್ರಯೋಜನವಿಲ್ಲದವರು ಅಂತ ಮೂವರನ್ನು ಊರಿಂದ ಕಳಿಸಿದರು. ಕಿಂಟೆರೊ ಒಬ್ಬ. ಆಂಟೋನಿಯೊ ಮೆಸಾ ಇನ್ನೊಬ್ಬ. ಮೂರನೆಯವನು ಹೊಸೆ ದೆ ಲಾರಾ, ಆ ಇಬ್ಬರು ಸ್ಪ್ಯಾನಿಷರಲ್ಲಿ ಒಬ್ಬ! ಅಲ್ಲಿಗೆ ಸ್ಪೇನಿನವರು ಕಟ್ಟಿದ ಊರಿನಲ್ಲಿ ಉಳಿದ ಸ್ಪ್ಯಾನಿಷ್ ಯಜಮಾನ ಒಬ್ಬನೇ ಒಬ್ಬ. ಮತ್ತೆ ಹೇಳುತ್ತೇನೆ, ಪಟ್ಟಿ ನೋಡಿ.

ಕಿಂಟೆರೊ ಸ್ಯಾಂಟಾ ಬಾರ್ಬರಾಗೆ ಹೋಗಿ ಸೈನಿಕರ ಬಟ್ಟೆ ಹೊಲಿಯುತ್ತಾ ಬದುಕಿದ. ಮುಂದೆ ಅವನ ಮೊಮ್ಮಗಳು ಮರಿಯಾ ರಿಟಾ ವಾಲ್ಡೆಸ್ ಸುಮಾರು 4500 ಎಕರೆ ರಾಂಚೋಗೆ ಒಡತಿಯಾದಳು. ಗಂಡ ಹೋದಮೇಲೂ ದನ ಸಾಕಿಕೊಂಡು ಅದನ್ನು ನಡೆಸಿದಳು. ರಾಂಚೋ ಹೆಸರು ರೋಡಿಯೊ ದೆ ಲಾಸ್ ಅಗುವಾಸ್. ಈಗ ಆ ಜಾಗಕ್ಕೆ ಬೆವರ್ಲಿ ಹಿಲ್ಸ್ ಅನ್ನುತ್ತಾರೆ. ಊರಿಗೆ ಬೇಡ ಅಂತ ಕಳಿಸಿದ ಕಪ್ಪು ದರ್ಜಿಯ ಮೊಮ್ಮಗಳ ಜಮೀನು ಅದು! ಊರಿಂದ ನೆಂಟರು ಬಂದಾಗ ರೋಡಿಯೊ ಡ್ರೈವ್ ತೋರಿಸಲು ಕರೆದುಕೊಂಡು ಹೋಗುತ್ತೀರಲ್ಲ, ಅಂಗಡಿಗಳ ಜೊತೆ ಇದನ್ನೂ ಹೇಳಿ.

ಇನ್ನು ನೀರಿನ ವಿಷಯ. ಬಂದವರು ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸಗಳಲ್ಲಿ ಕಾಲುವೆ ತೋಡಿದ್ದು ಒಂದು. ನದಿಯಿಂದ ಹೊಲಕ್ಕೂ ಮನೆಗೂ ನೀರು ತಂದ ಆ ಕಾಲುವೆಯ ಹೆಸರು ಸಾಂಹಾ ಮಾದ್ರೆ. ನೂರು ವರ್ಷಕ್ಕೂ ಜಾಸ್ತಿ ಊರು ಅದರ ಮೇಲೇ ನಿಂತಿತ್ತು. ನೀರು ಯಾರಿಗೆ ಯಾವಾಗ ಬಿಡಬೇಕು ಅಂತ ನೋಡಿಕೊಳ್ಳಲು ಸಾಂಹೆರೊ ಅಂತ ಒಬ್ಬನಿದ್ದ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ. 2014ರಲ್ಲಿ ಚೈನಾಟೌನಿನಲ್ಲಿ ಕಟ್ಟಡಕ್ಕೆ ಅಗೆಯುವಾಗ ಇಟ್ಟಿಗೆಯಲ್ಲಿ ಕಟ್ಟಿದ ಅದರ ತುಂಡೊಂದು ಸಿಕ್ಕಿತು.

ಆದರೆ ಆ ನದಿ ದಂಡೆ ಖಾಲಿ ಜಾಗ ಆಗಿರಲಿಲ್ಲ. ಪಕ್ಕದಲ್ಲೇ ಇಲ್ಲಿನ ಮೂಲನಿವಾಸಿಗಳಾದ ಟೊಂಗ್ವಾ ಜನರ ಯಾಂಗಾ ಅನ್ನುವ ಊರಿತ್ತು. ದೊಡ್ಡದೊಂದು ಸಿಕಮೋರ್ ಮರ ಅವರಿಗೆ ಗುರುತು. 44 ಜನರ ಹೊಲದಲ್ಲಿ ದುಡಿದವರಲ್ಲಿ ಈ ಟೊಂಗ್ವಾ ಜನವೂ ಇದ್ದರು, ಅವರಿಲ್ಲದೆ ಊರು ನಿಲ್ಲುವುದೇ ಕಷ್ಟವಿತ್ತು. ಅವರಿಗೆ ಸಿಕ್ಕಿದ್ದೇನು? 1785ರಲ್ಲಿ ಸ್ಯಾನ್ ಗೇಬ್ರಿಯಲ್ ಮಿಷನ್ ವಿರುದ್ಧ ದಂಗೆಯಲ್ಲಿ ಸೇರಿದ ಟೊಯ್‌ಪುರಿನಾ ಅನ್ನುವ ಹೆಣ್ಣುಮಗಳನ್ನು ಉತ್ತರದ ಇನ್ನೊಂದು ಮಿಷನ್‌ಗೆ ಗಡಿಪಾರು ಮಾಡಿದರು. ಯಾಂಗಾದವರನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಬ್ಬಿಸುತ್ತಾ ಹೋದರು. ಮಕ್ಕಳ ರಟ್ಟಿನ ಮಿಷನ್ನಿನಲ್ಲಿ ಇವರಿಗೆ ಜಾಗವೇ ಇರುವುದಿಲ್ಲ, ನನಗೆ ನಿಜವಾಗಲೂ ನೋವಾಗುವುದು ಇಲ್ಲಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಮೆಕ್ಸಿಕೊ ಕಾಲದ ಬಗ್ಗೆ ಜಾಸ್ತಿ ಹೇಳಬೇಕು ಅಂದುಕೊಂಡಿದ್ದೆ, ಬರೀ ಹೆಸರು ಹೇಳಿಬಿಡುತ್ತೇನೆ. 1821ರಲ್ಲಿ ಮೆಕ್ಸಿಕೊ ಸ್ಪೇನಿನಿಂದ ಸ್ವತಂತ್ರವಾಯಿತು, ಈ ಊರೂ ಅದರದ್ದಾಯಿತು. 1835ರಲ್ಲಿ ಲಾಸ್ ಏಂಜಲೀಸ್‌ಗೆ ನಗರದ ಪಟ್ಟ ಸಿಕ್ಕಿತು. 1847ರಲ್ಲಿ ಅಮೆರಿಕದ ಸೈನ್ಯದ ಕೈ ಸೇರಿತು, 1850ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವಾಯಿತು. ಮೆಕ್ಸಿಕೊ ಕಾಲದ ಕೊನೆಯ ಗವರ್ನರ್ ಪೀಯೊ ಪೀಕೊ. ಅವನ ಅಜ್ಜಿಯನ್ನು 1790ರ ಲೆಕ್ಕದಲ್ಲಿ ಮುಲಾಟಾ ಅಂತ ಬರೆದಿದ್ದಾರೆ. ಇಲ್ಲೂ ಪಟ್ಟಿಯೇ ಮಾತಾಡುತ್ತದೆ ನೋಡಿ.

ಮಕ್ಕಳನ್ನು ಒಮ್ಮೆ ಓಲ್ವೆರಾ ಸ್ಟ್ರೀಟ್ ಹತ್ತಿರದ ಹಳೇ ಪ್ಲಾಜಾಗೆ ಕರೆದುಕೊಂಡು ಹೋಗಿ. ಆ 44 ಜನರ ಹೆಸರಿರುವ ಫಲಕ ಅಲ್ಲಿದೆ, ಕುಲವೂ ವಯಸ್ಸೂ ಸೇರಿಸಿ ಬರೆದಿದ್ದಾರೆ. 1818ರ ಆವಿಲಾ ಅಡೋಬಿ ಅನ್ನುವ ಮನೆಯೂ ಅಲ್ಲೇ ಇದೆ, ಊರಿನಲ್ಲಿ ಉಳಿದಿರುವ ಅತಿ ಹಳೆಯ ಮನೆ. ಪ್ರಶ್ನೆ ಇದ್ದರೆ ಕೇಳಿ, ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಕೈ ಎತ್ತಿದ್ದಾರೆ.